ಗುಬ್ಬಿಗೆ ಬಂದ ಪಾದ್ರಿ, ಗುಬ್ಬಿಯಲ್ಲೇ ಉಳಿದ ಸಭೆ

ತುಮಕೂರು ಬಿಟ್ಟ ಬಸ್ಸು ಹೆಗ್ಗೆರೆ, ಮಲ್ಲಸಂದ್ರ ದಾಟಿ ಶಿವಮೊಗ್ಗದ ದಾರಿ ಹಿಡಿಯುತ್ತಿದ್ದಂತೆ ರಸ್ತೆಯ ಇಕ್ಕೆಲಗಳಲ್ಲೂ ತೆಂಗು ಅಡಿಕೆಯ ತೋಟಗಳು ಜೊತೆಯಾಗುತ್ತವೆ. ಇಪ್ಪತ್ತು ಕಿಲೋಮೀಟರು ಕಳೆಯುವುದರೊಳಗೆ ಗುಬ್ಬಿ. ಕನ್ನಡಿಗರಿಗೆ ಈ ಹೆಸರು ಕೇಳಿದೊಡನೆ ನೆನಪಾಗುವುದು ನಾಟಕ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಅದನ್ನು ನಾಡಿನ ಮನೆಮಾತಾಗಿಸಿದ ವೀರಣ್ಣನವರು, ರಂಗದ ಮೇಲೆ ಅವರು ತೋರಿಸಿದ ವೈಭವ. ಭಕ್ತರಿಗೆ ಗುಬ್ಬಿ ಎಂದರೆ ಚನ್ನಬಸವೇಶ್ವರ ಸ್ವಾಮಿಯ ಸನ್ನಿಧಿ. ವ್ಯಾಪಾರಸ್ಥರಿಗೆ ಅಡಿಕೆ, ಕೊಬ್ಬರಿ, ಸಂತೆ.

ಈ ಮೂರರಲ್ಲಿ ಯಾವುದನ್ನು ನೋಡಲು ಬಂದವರೂ ಗಮನಿಸದೆ ಹೋಗಬಹುದಾದ ಕಟ್ಟಡವೊಂದು ಊರಿನಲ್ಲಿದೆ. ಅದು 1904ರಲ್ಲಿ ಕಟ್ಟಿದ ವಿಲಿಯಂ ಆರ್ಥರ್ ಸ್ಮಾರಕ ದೇವಾಲಯ. ದಕ್ಷಿಣ ಭಾರತ ಸಭೆಯ, ಅಂದರೆ ಸಿ.ಎಸ್.ಐ.ನ, ಕರ್ನಾಟಕ ಮಧ್ಯ ಸಭಾಪ್ರಾಂತಕ್ಕೆ ಸೇರಿದ ಚರ್ಚು. ಅದರ ಕಥೆ ಮಾತ್ರ ಕಟ್ಟಡಕ್ಕಿಂತ 67 ವರ್ಷ ಹಿರಿಯದು.

ಆ ಹೆಸರಿನಲ್ಲೇ ಒಂದು ಒಗಟಿದೆ. ವಿಲಿಯಂ ಆರ್ಥರ್ ಗುಬ್ಬಿಯಲ್ಲಿದ್ದದ್ದು ಎರಡು ವರ್ಷವೂ ತುಂಬುವಷ್ಟಲ್ಲ. ಅವರು ಊರು ಬಿಟ್ಟಾಗ ಹಿಂದೆ ದೊಡ್ಡ ಸಭೆಯೇನೂ ಇರಲಿಲ್ಲ. ಹೋದವರು ಮತ್ತೆ ಗುಬ್ಬಿಗೆ ಬಂದು ನೆಲೆಸಲೂ ಇಲ್ಲ. ಅಂಥವರ ಹೆಸರನ್ನು ಅರುವತ್ತಮೂರು ವರ್ಷಗಳ ನಂತರ ಒಂದು ದೇವಾಲಯಕ್ಕೆ ಇಟ್ಟದ್ದು ಏಕೆ? ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಪಾದ್ರಿಗಳು ಬಂದರು, ಹೋದರು, ಉಳಿದವರು ಯಾರು?

ಹೊಸ ಮಾತಿಗೆ ಹಳೆಯ ಊರು

ಗುಬ್ಬಿ ಸೀಮೆಗೆ ಹೊಸ ಧರ್ಮ, ಹೊಸ ಮಾತು ಬರುವುದು ಹೊಸ ಸಂಗತಿಯಾಗಿರಲಿಲ್ಲ. ಇದೇ ತಾಲ್ಲೂಕಿನ ಕಡಬದಲ್ಲಿ ಸಿಕ್ಕ ತಾಮ್ರಶಾಸನ ಒಂಬತ್ತನೆಯ ಶತಮಾನದ ಆರಂಭದ ರಾಷ್ಟ್ರಕೂಟರ ಕಾಲದ್ದು. ಜೈನ ಮುನಿಯೊಬ್ಬರಿಗೆ ದತ್ತಿ ಬಿಟ್ಟ ವಿಚಾರವನ್ನು ಅದು ಹೇಳುತ್ತದೆ. ಪಕ್ಕದ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಜೈನ ಬಸದಿ ಇಂದಿಗೂ ನಿಂತಿದೆ. ಹದಿನೈದು ಹದಿನಾರನೆಯ ಶತಮಾನಗಳ ಹೊತ್ತಿಗೆ ಗುಬ್ಬಿ ವೀರಶೈವ ಸಾಹಿತ್ಯದ ಒಂದು ನೆಲೆಯೇ ಆಗಿತ್ತು. 'ಭಾವಚಿಂತಾರತ್ನ' ಬರೆದ ಮಲ್ಲಣಾರ್ಯನನ್ನು ಸಾಹಿತ್ಯ ಚರಿತ್ರೆ ಗುರುತಿಸುವುದೇ 'ಗುಬ್ಬಿಯ ಮಲ್ಲಣಾರ್ಯ' ಎಂದು.

ಹತ್ತೊಂಬತ್ತನೆಯ ಶತಮಾನದಲ್ಲಿ ಗುಬ್ಬಿ ಮುಖ್ಯವಾಗಿ ಪೇಟೆಯ ಊರು. ಮಲೆನಾಡಿನ ಸರಕು ಬಯಲು ಸೀಮೆಗೆ ಇಳಿಯುವ ದಾರಿಯ ಮೇಲೆ ಅದು ಕೂತಿತ್ತು. ವಾರಕ್ಕೊಮ್ಮೆ ಸಂತೆ ಕೂಡುತ್ತಿತ್ತು. ಅಡಿಕೆ, ಕಾಯಿ, ದವಸ, ಒರಟು ಹತ್ತಿ ಬಟ್ಟೆ ಎಲ್ಲವೂ ಅಲ್ಲಿ ಕೈ ಬದಲಾಗುತ್ತಿದ್ದವು. ಸುತ್ತಲ ಹಳ್ಳಿಗಳಿಂದ ಬರುವವರ ಜೊತೆಗೆ ದೂರದ ವರ್ತಕರೂ ಸೇರುತ್ತಿದ್ದರು. ಒಂದು ಸುದ್ದಿಯನ್ನು ಗುಬ್ಬಿ ಸಂತೆಯಲ್ಲಿ ಹೇಳಿದರೆ ಮಾರನೆಯ ದಿನ ಐವತ್ತು ಹಳ್ಳಿಗೆ ಮುಟ್ಟುವಂಥ ಜಾಗ. ಧರ್ಮಬೋಧೆಗೆ ಹೊರಟವರ ಕಣ್ಣು ಇಂಥ ಊರಿನ ಮೇಲೆ ಬಿದ್ದದ್ದು ಸಹಜವೇ.

ದಂಡು ಬಿಟ್ಟು ಹಳ್ಳಿಗೆ

ಹಾಗೆ ಹೊರಟವರು ವೆಸ್ಲಿಯನ್ ಮೆಥಡಿಸ್ಟರು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಹುಟ್ಟುಹಾಕಿದ ಪಂಗಡ ಅದು. ಚರ್ಚಿನ ಬಾಗಿಲು ಮುಚ್ಚಿದರೆ ಬಯಲಿನಲ್ಲಿ ನಿಂತು ಬೋಧಿಸುವುದು, ಗಣಿ ಕೆಲಸದವರನ್ನೂ ಕೂಲಿಕಾರರನ್ನೂ ಹುಡುಕಿಕೊಂಡು ಹೋಗುವುದು, ಹಾಡಿನ ಮೂಲಕ ಧರ್ಮ ಕಲಿಸುವುದು ಇವರ ರೀತಿ. ಒಬ್ಬ ಬೋಧಕ ಒಂದೇ ಊರಿನಲ್ಲಿ ಕೂರದೆ ಹಲವು ಊರುಗಳನ್ನು ಸುತ್ತುವ ವ್ಯವಸ್ಥೆಯನ್ನು ಅವರು 'ಸರ್ಕಿಟ್' ಎಂದು ಕರೆಯುತ್ತಿದ್ದರು. ಈ ಮಾತು ಮುಂದೆ ಗುಬ್ಬಿಗೂ ಅಂಟಿಕೊಂಡಿತು.

ಬೆಂಗಳೂರಿನಲ್ಲಿ ಇವರ ಕೆಲಸ 1820ರ ದಶಕದಲ್ಲೇ ಆರಂಭವಾಗಿತ್ತು. ಆದರೆ ಅದು ದಂಡಿನ ಪ್ರದೇಶದಲ್ಲಿ, ಸಿಪಾಯಿಗಳ ಮತ್ತು ಅವರ ಬೆನ್ನಿಗೆ ಬಂದ ತಮಿಳರ ನಡುವೆ. ಮೈಸೂರು ಸೀಮೆಯಲ್ಲಿದ್ದೂ ಮೈಸೂರು ಸೀಮೆಯ ಭಾಷೆ ಅವರಿಗೆ ಬರುತ್ತಿರಲಿಲ್ಲ. 1830ರ ದಶಕದಲ್ಲಿ ಬೆಂಗಳೂರಿಗೆ ಬಂದ ಥಾಮಸ್ ಹಾಡ್ಸನ್ ಎಂಬ ಪಾದ್ರಿ ಈ ಕೊರತೆಯನ್ನು ಕಂಡುಕೊಂಡರು. ಕನ್ನಡದ ಜನರ ನಡುವೆ ಕೆಲಸ ಮಾಡಬೇಕಾದರೆ ಕನ್ನಡ ಕೇಳಿಸುವ ಕಡೆಗೆ ಹೋಗಬೇಕು. 1837ರಲ್ಲಿ ಗುಬ್ಬಿಯಲ್ಲಿ ಮಿಷನ್ ಕೇಂದ್ರ ಶುರುವಾಯಿತು.

ಆ ಕಾಲದ ರಾಜಕೀಯವೂ ಇದಕ್ಕೆ ಅನುಕೂಲವಾಗಿತ್ತು. 1831ರಲ್ಲಿ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಬ್ರಿಟಿಷರು ವಹಿಸಿಕೊಂಡಿದ್ದರು. ಬೆಂಗಳೂರಿನಲ್ಲಿ ಮಾರ್ಕ್ ಕಬ್ಬನ್ ಕಮಿಷನರು. ತುಮಕೂರು ಸೇರಿದಂತೆ ಚಿತ್ರದುರ್ಗ ವಿಭಾಗಕ್ಕೆ ರಿಚರ್ಡ್ ಡಾಬ್ಸ್ ಸೂಪರಿಂಟೆಂಡೆಂಟರು. ಬೆಂಗಳೂರು ತುಮಕೂರು ದಾರಿಯಲ್ಲಿ ದಿನವೂ ಓಡಾಡುವವರಿಗೆ ಈ ಡಾಬ್ಸ್ ಅಪರಿಚಿತರಲ್ಲ. ಡಾಬಸ್‌ಪೇಟೆಯ ಹೆಸರಿನಲ್ಲಿ ಅವರು ಇನ್ನೂ ಇದ್ದಾರೆ. ಸ್ವತಃ ನಿಷ್ಠಾವಂತ ಕ್ರೈಸ್ತರಾಗಿದ್ದ ಅವರಿಗೆ ಮಿಷನರಿಗಳ ಬಗ್ಗೆ ಒಲವಿತ್ತು. ಅಧಿಕಾರಿಯ ಒಲವು ಪಾದ್ರಿಗೆ ರಕ್ಷಣೆ ಕೊಟ್ಟಿರಬಹುದು. ಆದರೆ ಊರಿನವರ ಕಣ್ಣಿನಲ್ಲಿ ಪಾದ್ರಿಯೂ 'ದೊರೆ'ಗಳ ಕಡೆಯವರೇ ಎಂಬ ಭಾವನೆಯನ್ನು ಅದು ಗಟ್ಟಿಮಾಡಿತು. ಗುಬ್ಬಿಯ ಸಭೆ ಬಹುಕಾಲ ಹೊರಬೇಕಾಗಿ ಬಂದ ಹೊರೆ ಇದು.

ಇಪ್ಪತ್ತರ ತರುಣ

1839ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿದಾಗ ವಿಲಿಯಂ ಆರ್ಥರ್‌ಗೆ ಇಪ್ಪತ್ತು ವರ್ಷ. ಹುಟ್ಟಿದ್ದು 1819ರಲ್ಲಿ, ಐರ್ಲೆಂಡಿನ ಆಂಟ್ರಿಮ್ ಸೀಮೆಯಲ್ಲಿ. ಹುಡುಗನಾಗಿದ್ದಾಗ ದವಸದ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕಿದ್ದು, ಆಮೇಲೆ ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿ ಪಾದ್ರಿಯಾಗಲು ಓದಿದವರು. ಸೂಯೆಜ್ ಕಾಲುವೆ ಬರಲು ಇನ್ನೂ ಮೂವತ್ತು ವರ್ಷವಿತ್ತು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು ಮದರಾಸು ತಲುಪಿ, ಅಲ್ಲಿಂದ ಘಟ್ಟ ಹತ್ತಿ ಮೈಸೂರು ಸೀಮೆಗೆ ಬಂದು, ಬೆಂಗಳೂರನ್ನೂ ದಾಟಿ ಗುಬ್ಬಿ ಸೇರಿದರು.

ದವಸದ ಅಂಗಡಿಯಲ್ಲಿ ಬೆಳೆದವರಿಗೆ ಗುಬ್ಬಿಯ ಪೇಟೆ ಎಷ್ಟೋ ಪರಿಚಿತವಾಗಿ ಕಂಡಿರಬೇಕು. ಅಪರಿಚಿತವಾಗಿದ್ದದ್ದು ಭಾಷೆ. ಅಲ್ಲಿ ಇಂಗ್ಲಿಷ್ ಬಲ್ಲವರಿಲ್ಲ. ಉಪ್ಪು ಬೇಕಾದರೂ ಕನ್ನಡದಲ್ಲೇ ಕೇಳಬೇಕು. ಆರ್ಥರ್ ಕನ್ನಡ ಕಲಿತರು, ಕನ್ನಡದಲ್ಲಿ ಬೋಧಿಸಿದರು, ಅದರ ಬಗ್ಗೆ ಅಭಿಮಾನವನ್ನೂ ಬೆಳೆಸಿಕೊಂಡರು.

ಆದರೆ ಅವರ ಕಣ್ಣು ಕೈಕೊಟ್ಟಿತು. ದೃಷ್ಟಿದೋಷ ಉಲ್ಬಣಿಸಿ 1841ರಲ್ಲಿ ಅವರು ಇಂಗ್ಲೆಂಡಿಗೆ ಹಿಂತಿರುಗಬೇಕಾಯಿತು. ಲೆಕ್ಕ ಹಾಕಿದರೆ ಗುಬ್ಬಿಯಲ್ಲಿದ್ದದ್ದು ಒಂದೂಮುಕ್ಕಾಲು ವರ್ಷ ಇದ್ದೀತು ಅಷ್ಟೆ.

ಊರು ಬಿಟ್ಟರೂ ಗುಬ್ಬಿ ಅವರನ್ನು ಬಿಡಲಿಲ್ಲ. 1847ರಲ್ಲಿ 'ಎ ಮಿಷನ್ ಟು ದಿ ಮೈಸೂರ್' ಎಂಬ ಅವರ ಪುಸ್ತಕ ಹೊರಬಂತು. ಮೈಸೂರು ಸೀಮೆಯ ದಾರಿ, ಊರು, ಜನ, ಧರ್ಮ, ಗುಬ್ಬಿಯ ವಾಸ ಎಲ್ಲವೂ ಅದರಲ್ಲಿದೆ. ಅದನ್ನು ಬರೆದವರು ಮಿಷನರಿ, ಬರೆದದ್ದು ವಿಕ್ಟೋರಿಯಾ ಕಾಲದಲ್ಲಿ ಎಂಬುದನ್ನು ಓದುಗರು ಮರೆಯುವ ಹಾಗಿಲ್ಲ. ತನ್ನ ಧರ್ಮವೇ ಸತ್ಯ, ಎದುರಿನವರದು ಅಂಧಕಾರ ಎಂಬ ನಂಬಿಕೆಯಲ್ಲೇ ಲೇಖಕರು ನಡೆಯುತ್ತಾರೆ. ಹಾಗಿದ್ದರೂ 1840ರ ಸುಮಾರಿನ ತುಮಕೂರು ಸೀಮೆಯನ್ನು ಅಲ್ಲೇ ವಾಸವಿದ್ದ ಒಬ್ಬರು ಕಣ್ಣಾರೆ ಕಂಡು ಬರೆದ ದಾಖಲೆಯಾಗಿ ಅದಕ್ಕೆ ಬೆಲೆಯಿದೆ. ಆರ್ಥರ್ ಮುಂದೆ ವೆಸ್ಲಿಯನ್ ಮಿಷನರಿ ಸಂಘದ ಕಾರ್ಯದರ್ಶಿಯಾದರು. 1866ರಲ್ಲಿ ಅವರ ಪಂಗಡದ ಅತ್ಯುನ್ನತ ಸ್ಥಾನವಾದ ಕಾನ್ಫರೆನ್ಸಿನ ಅಧ್ಯಕ್ಷರಾದರು. 1901ರಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ತೀರಿಕೊಂಡರು.

ಹಾಡ್ಸನ್ ಬೇರೆ, ಹಡ್ಸನ್ ಬೇರೆ

ಗುಬ್ಬಿಯಂಥ ಊರುಗಳಲ್ಲಿ ಕಿವಿಗೆ ಬಿದ್ದ ಕನ್ನಡ ಕೊನೆಗೆ ಬೆಂಗಳೂರಿನ ಅಚ್ಚುಮನೆಗೆ ಹೋಗಿ ಸೇರಿತು. 1840ರ ಹೊತ್ತಿಗೆ ವೆಸ್ಲಿಯನ್ ಮಿಷನ್ ಅಲ್ಲಿ ಮುದ್ರಣಾಲಯ ಸ್ಥಾಪಿಸಿತು. ಅದನ್ನು ನಡೆಸಿದವರಲ್ಲಿ ಪ್ರಮುಖರು ಜಾನ್ ಗ್ಯಾರೆಟ್. 1849ರಲ್ಲಿ ಇದೇ ಮಿಷನ್ ಪ್ರೆಸ್ಸಿನಿಂದ ಹೊರಬಂದ ಪುಸ್ತಕಗಳಲ್ಲಿ ಒಂದು ಭಗವದ್ಗೀತೆ! ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರನ್ನೂ ಜೊತೆಗಿಟ್ಟು ಗ್ಯಾರೆಟ್ ಅದನ್ನು ಸಂಪಾದಿಸಿದ್ದರು. ಅದೇ ಗ್ಯಾರೆಟ್ ಮುಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾದರು. ಅವರ ನಂತರ ಆ ಕುರ್ಚಿಗೆ ಬಂದವರು ಶಾಸನಗಳ ರೈಸ್ ಸಾಹೇಬರು, ಬಿ.ಎಲ್. ರೈಸ್.

ಪಾದ್ರಿ ವಿಲಿಯಂ ರೀವ್ ಅವರ ಕನ್ನಡ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಪ್ರಕಟಿಸಿದ ಡೇನಿಯಲ್ ಸ್ಯಾಂಡರ್ಸನ್ ಕೂಡ ವೆಸ್ಲಿಯನ್ ಮಿಷನ್ನಿನವರೇ. ಕಿಟ್ಟೆಲ್ ಕೋಶ ಬಂದದ್ದು 1894ರಲ್ಲಿ. ಅದಕ್ಕೆ ಮುನ್ನ ಕನ್ನಡ ಕಲಿಯುವವರ ಕೈಯಲ್ಲಿದ್ದದ್ದು ಈ ನಿಘಂಟು. ಗುಬ್ಬಿಯ ಕೆಲಸಕ್ಕೆ ನಾಂದಿ ಹಾಡಿದ ಹಾಡ್ಸನ್ ಅವರೂ ಒಂದು ಕನ್ನಡ ವ್ಯಾಕರಣ ಬರೆದರು. ಅದರ ಉದಾಹರಣೆಗಳಲ್ಲಿ ಬರುವ ಪ್ರತಿ ಶಬ್ದಕ್ಕೂ ಇಂಗ್ಲಿಷ್ ಅರ್ಥ ಕೊಟ್ಟಿರುವುದು ವಿಶೇಷ. ಅರ್ಥವಾಗದ ಶಬ್ದದ ಮುಂದೆ ದಿಕ್ಕುಗೆಟ್ಟು ಕೂತ ಅನುಭವ ಇದ್ದವರಿಗೇ ಹೊಳೆಯುವ ಉಪಾಯ ಅದು.

ಇಲ್ಲಿ ಒಂದು ಗೊಂದಲವನ್ನು ಬಿಡಿಸುವುದು ಒಳ್ಳೆಯದು. ಬೆಂಗಳೂರಿನ ಕಾರ್ಪೊರೇಷನ್ ಕಚೇರಿಯ ಬಳಿಯ ಹಡ್ಸನ್ ವೃತ್ತ, ಅಲ್ಲಿನ ಕಲ್ಲಿನ ಹಡ್ಸನ್ ಸ್ಮಾರಕ ದೇವಾಲಯ ಎಲ್ಲರಿಗೂ ಗೊತ್ತು. ಅದು ಗುಬ್ಬಿಯ ಹಾಡ್ಸನ್ ಹೆಸರಿನದಲ್ಲ. ಶಿಕ್ಷಣ ಕ್ಷೇತ್ರದಲ್ಲಿ ದುಡಿದ ಜೋಸಾಯ ಹಡ್ಸನ್ ಎಂಬ ಮತ್ತೊಬ್ಬ ವೆಸ್ಲಿಯನ್ ಪಾದ್ರಿಯ ನೆನಪಿನದು. ಅದು ಕಟ್ಟಿದ್ದೂ 1904ರಲ್ಲೇ. ಹೀಗೆ ಒಂದೇ ವರ್ಷ ಎರಡು ಸ್ಮಾರಕ ದೇವಾಲಯಗಳು, ರಾಜಧಾನಿಯಲ್ಲಿ ಒಂದು, ಪೇಟೆ ಊರಿನಲ್ಲಿ ಒಂದು, ಎದ್ದುನಿಂತವು. ಎರಡರಲ್ಲೂ ಆರಾಧನೆಯ ಭಾಷೆ ಕನ್ನಡ. ಗುಬ್ಬಿಯಲ್ಲಿ ಕೇಂದ್ರ ತೆರೆದ ಹಾಡ್ಸನ್‌ರ ಹೆಸರು ಮಾತ್ರ ಎರಡರ ಮೇಲೂ ಇಲ್ಲ.

ಮುದುಕ ದಾನಿಯೇಲ

ಪಾದ್ರಿಗಳ ಮಾತು ಸಾಕು. ಅವರ ಮಾತು ಕೇಳಿ ಹೆಜ್ಜೆ ಮುಂದಿಟ್ಟವರ ವಿಷಯ ಏನು?

ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಸಿಗುವ ಹಳೆಯ ಪುಸ್ತಕವನ್ನು ಬರೆದವರು ಹಾಡ್ಸನ್ನರೇ. 1877ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆ ಚಿಕ್ಕ ಪುಸ್ತಕದ ಹೆಸರು 'ಓಲ್ಡ್ ಡೇನಿಯಲ್'. ಕ್ರೈಸ್ತನಾದ ಒಬ್ಬ ಹಿಂದೂವಿನ ಬದುಕು, ಗುಬ್ಬಿ ಸರ್ಕಿಟ್ಟಿನಲ್ಲಿ ನಡೆದ ಮಿಷನ್ ಕೆಲಸ, ಭಾರತದ ಹಳ್ಳಿಯ ಜೀವನ ಈ ಮೂರನ್ನೂ ಹೇಳುವುದಾಗಿ ಶೀರ್ಷಿಕೆಯಲ್ಲೇ ಬರೆದಿದೆ. ಗಮನಿಸಬೇಕಾದದ್ದು ಪುಸ್ತಕದ ಕೇಂದ್ರದಲ್ಲಿರುವ ವ್ಯಕ್ತಿಯನ್ನು. ಅವನು ಪಾದ್ರಿಯಲ್ಲ, ಅಧಿಕಾರಿಯಲ್ಲ, ಪಂಡಿತನೂ ಅಲ್ಲ. ಗುಬ್ಬಿ ಸೀಮೆಯ ಒಬ್ಬ ಹಳ್ಳಿಗ, ವಯಸ್ಸಾದವನು. ದೀಕ್ಷಾಸ್ನಾನದಲ್ಲಿ ಅವನಿಗೆ ಬಂದ ಹೆಸರು ಡೇನಿಯಲ್. ಕನ್ನಡ ಸತ್ಯವೇದದಲ್ಲಿ ಅದು ದಾನಿಯೇಲ: ಪರದೇಶದ ಅರಸರ ನಡುವೆ ಬಾಳಿ, ಸಿಂಹದ ಗವಿಗೆ ಬಿದ್ದರೂ ತನ್ನ ಪ್ರಾರ್ಥನೆಯನ್ನು ಬಿಡದವನ ಹೆಸರು.

ಗುಬ್ಬಿಯ ದಾನಿಯೇಲನಂಥವರಿಗೆ ಗವಿ ಎಂದರೆ ಅವರ ಊರೇ. ಆ ಕಾಲದಲ್ಲಿ ದೀಕ್ಷಾಸ್ನಾನವೆಂಬುದು ಮನಸ್ಸಿನ ನಂಬಿಕೆಗೆ ಸೀಮಿತವಾದ ಸಂಗತಿಯಾಗಿರಲಿಲ್ಲ. ಒಬ್ಬ ಮನುಷ್ಯ ಜಾತಿಯಿಂದ ಹೊರಗಾದರೆ ಮನೆಯ ಒಲೆಯಿಂದ, ಬಾವಿಯ ಹಗ್ಗದಿಂದ, ಹೊಲದ ಮುಯ್ಯಾಳಿನಿಂದ, ಮಕ್ಕಳ ಮದುವೆಯ ಮಾತಿನಿಂದ ಎಲ್ಲದರಿಂದಲೂ ಹೊರಗಾಗುತ್ತಿದ್ದ. ಮೇಲು ಜಾತಿಯವರು ಇದಕ್ಕೆ ಹೆಚ್ಚು ಬೆಲೆ ತೆರಬೇಕಾಗುತ್ತಿತ್ತು. ಮೊದಲೇ ಊರಾಚೆ ಇಟ್ಟವರಿಗೆ ಕಳೆದುಕೊಳ್ಳುವುದು ಕಡಿಮೆ ಎನ್ನಬಹುದು; ಆದರೆ ದಣಿಯ ಮರ್ಜಿಯ ಮೇಲೆ ಬದುಕುವ ಕೂಲಿಯವರಿಗೆ ದಣಿಯ ಮುನಿಸೇ ಹಸಿವಾಗಿ ಬರುತ್ತಿತ್ತು.

ಕಾನೂನೂ ಅವರ ಪರವಾಗಿರಲಿಲ್ಲ. ಧರ್ಮ ಬದಲಿಸಿದವರು ಪಿತ್ರಾರ್ಜಿತ ಆಸ್ತಿಯ ಹಕ್ಕು ಕಳೆದುಕೊಳ್ಳಬಾರದೆಂದು ಬ್ರಿಟಿಷ್ ಭಾರತದಲ್ಲಿ 1850ರಲ್ಲಿ ಒಂದು ಕಾಯ್ದೆ ಬಂತು. ಮೈಸೂರು ದೇಶೀಯ ಸಂಸ್ಥಾನ; ಅದರ ಗಡಿಯೊಳಗೆ ಆ ಕಾಯ್ದೆಗೆ ಬಲವಿರಲಿಲ್ಲ. ಮಧುಗಿರಿಯ ಗಡಿ ದಾಟಿ ಅನಂತಪುರ ಸೀಮೆಗೆ ಹೋದರೆ ಸಿಗುವ ಹಕ್ಕು ಗುಬ್ಬಿಯಲ್ಲಿ ಸಿಗುತ್ತಿರಲಿಲ್ಲ. ಕಮಿಷನರ ಆಡಳಿತ ಮುಗಿದು 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿದ ಮೇಲೂ ಸ್ಥಿತಿ ಬದಲಾಗಲಿಲ್ಲ. ಮೈಸೂರಿನ ಕ್ರೈಸ್ತರ ಕುಂದುಕೊರತೆಗಳಲ್ಲಿ ಇದು ಬಹುಕಾಲ ಉಳಿದದ್ದು.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಇಂಥ ಕಷ್ಟಕ್ಕೆ ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳ ಮೂಲಕ ಉತ್ತರ ಹುಡುಕಿತು. ಮನೆ ಬಿಟ್ಟು ಬಂದವರಿಗೆ ಕೆಲಸ ಸಿಕ್ಕಿತು. ಗುಬ್ಬಿಯ ಕಡೆ ಅಂಥ ಕಾರ್ಖಾನೆಗಳಿರಲಿಲ್ಲ. ಇಲ್ಲಿ ಕ್ರೈಸ್ತರಾದವರಿಗೆ ಇದ್ದ ದಾರಿ ಎರಡೇ. ಊರಿನಲ್ಲೇ ಇದ್ದು ನೆಲವನ್ನು ಕಚ್ಚಿಕೊಳ್ಳುವುದು ಒಂದು, ಅಕ್ಷರ ಕಲಿತು ಮಿಷನ್ ಶಾಲೆಯ ಮೇಷ್ಟರೋ ಉಪದೇಶಿಯೋ ಆಗುವುದು ಇನ್ನೊಂದು. ಸಭೆ ಮೆಲ್ಲಗೆ, ಬಹಳ ಮೆಲ್ಲಗೆ ಬೆಳೆದುದರ ಕಾರಣ ಇದರಲ್ಲಿದೆ.

ಬರದ ವರ್ಷಗಳು

1876ರಿಂದ 78ರವರೆಗಿನ ಬರ ಎಲ್ಲ ಲೆಕ್ಕವನ್ನೂ ಬದಲಿಸಿತು. ತುಮಕೂರು ಸೀಮೆಯ ಅಜ್ಜಿಯರು ತಲೆಮಾರುಗಳ ಕಾಲ 'ಧಾತು ಬರ'ವೆಂದು ಹೇಳಿ ಬೆಚ್ಚುತ್ತಿದ್ದದ್ದು ಇದನ್ನೇ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ ಅದು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನ ಬೆಳೆಯದೆ, ಇದ್ದವರಲ್ಲೇ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕಡಿಮೆಯಾದರು. ಮಳೆಯನ್ನೇ ನಂಬಿದ ಬಯಲು ಸೀಮೆಗೆ ಪೆಟ್ಟು ಬಲವಾಗಿ ಬಿತ್ತು.

ಬರ ಹಿಂದೆ ಬಿಟ್ಟುಹೋದದ್ದು ಅನಾಥ ಮಕ್ಕಳನ್ನು. ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಾಲಯ ತೆರೆಯಿತು. ಆ ಮಕ್ಕಳಲ್ಲಿ ಎಷ್ಟೋ ಜನಕ್ಕೆ ತಮ್ಮ ಊರು, ಜಾತಿ, ಅಪ್ಪ ಅಮ್ಮನ ಹೆಸರು ಯಾವುದೂ ಉಳಿದಿರಲಿಲ್ಲ. ಅವರು ಬೆಳೆದು, ಓದಿ, ಒಬ್ಬರನ್ನೊಬ್ಬರು ಮದುವೆಯಾಗಿ, ಸಂಸ್ಥಾನದ ಕ್ರೈಸ್ತ ಸಭೆಗಳಲ್ಲಿ ಹೊಸ ಮನೆತನಗಳಾದರು. ಅಲ್ಲಿಯವರೆಗೆ ಒಬ್ಬೊಬ್ಬರೇ ಬಂದು ಸೇರುತ್ತಿದ್ದ ಸಭೆಗಳಲ್ಲಿ ಈಗ ತೊಟ್ಟಿಲುಗಳು ಕಂಡವು.

ಹಸಿದವನಿಗೆ ಅನ್ನ ಹಾಕಿ ಧರ್ಮ ಬದಲಿಸಿದರು ಎಂಬ ಟೀಕೆ ಆಗಲೂ ಇತ್ತು, ಈಗಲೂ ಇದೆ. ಟೀಕೆಯಲ್ಲಿ ಎಷ್ಟು ನಿಜವಿದ್ದರೂ ಬರದ ದಿನ ರಸ್ತೆ ಬದಿಯಲ್ಲಿ ಬಿದ್ದಿದ್ದ ಮಗುವಿಗೆ ಅದು ಉತ್ತರವಾಗಲಾರದು. ಹಾಗೆಯೇ ಆ ಮಗುವಿನ ಮೊಮ್ಮಕ್ಕಳ, ಮರಿಮಕ್ಕಳ ನಂಬಿಕೆಯನ್ನು ಒಂದು ಸೇರು ಅಕ್ಕಿಯಿಂದ ಅಳೆಯುವುದೂ ನ್ಯಾಯವಲ್ಲ. ಬರ ಮುಗಿದು ಅಕ್ಕಿ ಸಿಕ್ಕಿದ ಮೇಲೂ ಅವರು ಸಭೆ ಬಿಟ್ಟು ಹೋಗಲಿಲ್ಲ.

ಹೆಸರಿಟ್ಟದ್ದು ಹೀಗೆ

ಇಪ್ಪತ್ತನೆಯ ಶತಮಾನ ಬರುವ ವೇಳೆಗೆ ಗುಬ್ಬಿ ರೈಲಿನ ಊರಾಗಿತ್ತು. ಪೇಟೆ ಬೆಳೆದಿತ್ತು. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು 1887ರಿಂದ 'ವೃತ್ತಾಂತ ಪತ್ರಿಕೆ' ಎಂಬ ಕನ್ನಡ ವಾರಪತ್ರಿಕೆ ನಡೆಸುತ್ತಿದ್ದರು. ಅದರ ಹಿಂದಿದ್ದವರು ಹೆನ್ರಿ ಹೇಗ್ ಎಂಬ ಕನ್ನಡ ಬಲ್ಲ ಪಾದ್ರಿ. 1901ರಲ್ಲಿ ಆರ್ಥರ್ ತೀರಿಕೊಂಡ ಸುದ್ದಿ ಬಂದ ಮರುವರ್ಷ, 1902ರಲ್ಲಿ, ಆರ್ಥರ್ ಅವರ ಹಳೆಯ ಪುಸ್ತಕ ಮತ್ತೆ ಅಚ್ಚಾಯಿತು. ಮುನ್ನುಡಿ ಬರೆದವರು ಇದೇ ಹೇಗ್. ಅದಾದ ಎರಡು ವರ್ಷಕ್ಕೆ ಗುಬ್ಬಿಯಲ್ಲಿ ಆರ್ಥರ್ ಹೆಸರಿನ ದೇವಾಲಯ.

ಒಗಟು ಇಲ್ಲಿ ಅರ್ಧ ಬಿಡುತ್ತದೆ. ಗುಬ್ಬಿಯಲ್ಲಿ ಹೆಚ್ಚು ಕಾಲ ದುಡಿದವರ ಹೆಸರಿಗಿಂತ ಗುಬ್ಬಿಯ ಬಗ್ಗೆ ಬರೆದವರ ಹೆಸರು ಮುಂದೆ ಬಂತು. ಪುಸ್ತಕ ಮಾಡಿದ ಕೆಲಸ ಅದು. ಇಂಗ್ಲೆಂಡಿನ, ಐರ್ಲೆಂಡಿನ ಓದುಗರಿಗೆ ಗುಬ್ಬಿ ಎಂಬುದೊಂದು ಊರು ಇದೆಯೆಂದು ತಿಳಿಸಿದ್ದು ಆರ್ಥರ್. ಊರಿಗೆ ಹೆಸರು ತಂದವರ ಹೆಸರನ್ನು ಊರಿನ ಚರ್ಚು ಹೊತ್ತುಕೊಂಡಿತು. ಲೆಕ್ಕ ಸರಿಹೋಯಿತು ಎನ್ನಬಹುದು.

ಉಳಿದರ್ಧ ಬಿಡುವುದು ಚರ್ಚಿನೊಳಗೆ. ಅಲ್ಲಿ ಓದುವ ಸತ್ಯವೇದ ಕನ್ನಡದ್ದು. ಅದಕ್ಕೆ ಅಡಿಗಲ್ಲು ಹಾಕಿದ್ದು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು. ಪಾದ್ರಿಗಳಿಗೆ ಕನ್ನಡ ಕಲಿಸಿದ ಮುನ್ಷಿಗಳ ಹೆಸರು ಯಾವ ಕಟ್ಟಡದ ಮೇಲೂ ಇಲ್ಲ. ಸಂತೆಯಲ್ಲಿ ಎದುರು ನಿಂತು ವಾದ ಮಾಡಿ, ಬೋಧಕರು ತಮ್ಮ ಕನ್ನಡವನ್ನು ತಿದ್ದಿಕೊಳ್ಳುವಂತೆ ಮಾಡಿದವರ ಹೆಸರೂ ಇಲ್ಲ. ಹಳ್ಳಿಯಿಂದ ಹಳ್ಳಿಗೆ ನಡೆದ ಉಪದೇಶಿಗಳು, ಮನೆಮನೆಗೆ ಹೋಗಿ ಹೆಂಗಸರಿಗೆ ಅಕ್ಷರ ಕಲಿಸಿದ ಬೈಬಲ್ ಸೇವಕಿಯರು, ಐದಾರು ರೂಪಾಯಿ ಸಂಬಳದ ಶಾಲಾ ಮೇಷ್ಟರು ಇವರೆಲ್ಲ ಸೇರಿ ಸಭೆಯನ್ನು ಕಟ್ಟಿದ್ದು. ಪಾದ್ರಿಗಳಿಗೆ ವರ್ಗವಾಗುತ್ತಿತ್ತು, ಕಾಯಿಲೆಯಾದರೆ ಊರಿಗೆ ಮರಳಲು ಹಡಗಿರುತ್ತಿತ್ತು. ದಾನಿಯೇಲನಿಗೆ ಹೋಗಲು ಬೇರೆ ಊರಿರಲಿಲ್ಲ.

ನಮ್ಮ ಸಭೆ

1947ರ ಸೆಪ್ಟೆಂಬರ್ 27, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರ. ಅಂದು ಮದರಾಸಿನಲ್ಲಿ ಆಂಗ್ಲಿಕನರು, ಮೆಥಡಿಸ್ಟರು, ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ ಹುಟ್ಟಿತು. ಗುಬ್ಬಿಯ ವೆಸ್ಲಿಯನ್ ಸಭೆ ಅಂದಿನಿಂದ ಸಿ.ಎಸ್.ಐ. ಆಯಿತು. ಮೈಸೂರು ಸಭಾಪ್ರಾಂತಕ್ಕೆ ಮೊದಲ ಬಿಷಪ್ಪರಾಗಿ ಬಂದವರು ಪಿ. ಗುರುಶಾಂತ. ಹೆಸರೇ ಕನ್ನಡ ನೆಲದ್ದು. ಹಾಡ್ಸನ್ನರು ಗುಬ್ಬಿಗೆ ಬಂದ ನೂರ ಹತ್ತು ವರ್ಷಗಳ ಮೇಲೆ ಮೇಲ್ವಿಚಾರಣೆಯ ಕೋಲು ಕನ್ನಡಿಗರ ಕೈಗೆ ಬಂತು. ಅವರ ನಂತರ ನಾರ್ಮನ್ ಸಾರ್ಜೆಂಟ್ ಎಂಬ ಇಂಗ್ಲಿಷರು ಬಿಷಪ್ಪರಾಗಿದ್ದರು. ಮೈಸೂರಿನ ಮಿಷನ್ನುಗಳು ಸಭೆಯಾಗಿ ಮಾರ್ಪಟ್ಟ ಚರಿತ್ರೆಯನ್ನು ಬರೆದವರೂ ಅವರೇ. 1970ರಲ್ಲಿ ಮೈಸೂರು ಸಭಾಪ್ರಾಂತ ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾದಾಗ ಗುಬ್ಬಿ ಮಧ್ಯಕ್ಕೆ ಸೇರಿತು. 2004ರಲ್ಲಿ ದೇವಾಲಯಕ್ಕೆ ನೂರು ತುಂಬಿತು.

ತುಮಕೂರು ಸೀಮೆಯ ಇಂಥ ಸಭೆಗಳ ವರ್ಷದ ಹಬ್ಬಗಳನ್ನು ನೋಡಿದರೆ ಎರಡು ನೀರು ಒಂದಾದ ಬಗೆ ತಿಳಿಯುತ್ತದೆ. ಡಿಸೆಂಬರ್ 31ರ ರಾತ್ರಿ ಎಚ್ಚರವಿದ್ದು ಹೊಸ ವರ್ಷವನ್ನು ಪ್ರಾರ್ಥನೆಯಲ್ಲಿ ಎದುರುಗೊಳ್ಳುವ ರೂಢಿಯನ್ನು ವೆಸ್ಲಿಯ ಅನುಯಾಯಿಗಳು ಇಂಗ್ಲೆಂಡಿನಿಂದ ತಂದರು. ಸುಗ್ಗಿಯ ಕೃತಜ್ಞತಾ ಆರಾಧನೆಯೂ ಆ ಕಡೆಯದೇ. ಆದರೆ ಬಯಲು ಸೀಮೆಯ ದೇವಾಲಯದಲ್ಲಿ ಆ ದಿನ ವೇದಿಕೆಯ ಮುಂದೆ ಕಾಣುವುದು ರಾಗಿ, ಅವರೆ, ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ, ಮೊಟ್ಟೆ, ಕೋಳಿ. ಆರಾಧನೆ ಮುಗಿದ ಮೇಲೆ ಹರಾಜು. ಒಂದು ಕುಂಬಳಕಾಯಿಗೆ ಇಬ್ಬರು ಭಾವಮೈದುನರು ಪಟ್ಟು ಹಿಡಿದು ಕೂಗುವ ಸಂಭ್ರಮವನ್ನು ಯಾವ ಇಂಗ್ಲಿಷ್ ಪಾದ್ರಿಯೂ ಕಲಿಸಿಕೊಟ್ಟದ್ದಲ್ಲ. ಅದು ಈ ಸೀಮೆಯ ಸಂತೆಯ ಬಳುವಳಿ.

ಕ್ರೈಸ್ತರೆಂದರೆ ಹೊರಗಿನವರು, ಅವರದು ದೊರೆಗಳ ಧರ್ಮ ಎಂಬ ಮಾತು ಆಗೀಗ ಕೇಳಿಬರುತ್ತದೆ. ದೊರೆಗಳು ಹೋಗಿ ಮುಕ್ಕಾಲು ಶತಮಾನ ಕಳೆದಿದೆ. ಗುಬ್ಬಿಯ ಸಭೆ ಅವರೊಡನೆ ಹಡಗು ಹತ್ತಲಿಲ್ಲ. ಗುಬ್ಬಿ ಕಂಪನಿಯ ಮೊದಲ ನಾಟಕಕ್ಕೆ ಪರದೆ ಏಳುವುದಕ್ಕೆ ನಲವತ್ತೇಳು ವರ್ಷ ಮುನ್ನವೇ ಈ ಊರಿನಲ್ಲಿ ಆರಂಭವಾದ ಕಥೆ ಅದು. ಗುಬ್ಬಿಯ ಮಲ್ಲಣಾರ್ಯನ ಹೆಸರಿಗೆ ಊರು ಹೇಗೆ ಅಂಟಿಕೊಂಡಿತೋ ಈ ಸಭೆಗೂ ಹಾಗೆಯೇ ಅಂಟಿಕೊಂಡಿದೆ.

ಗುಬ್ಬಿಗೆ ಹೋಗುವವರಿಗೆ ತುಮಕೂರಿನಿಂದ ಬಸ್ಸುಗಳಿವೆ, ಬೆಂಗಳೂರು ಅರಸೀಕೆರೆ ಮಾರ್ಗದಲ್ಲಿ ರೈಲು ನಿಲ್ದಾಣವೂ ಇದೆ. ಚನ್ನಬಸವೇಶ್ವರನ ದರ್ಶನ ಮಾಡಿ, ನಿಟ್ಟೂರಿನ ಬಸದಿ, ಕಡಬದ ಕೆರೆ ನೋಡಿ ಸಂಜೆಗೆ ಮರಳಬಹುದು. ನಡುವೆ ಸ್ವಲ್ಪ ಬಿಡುವು ಮಾಡಿಕೊಂಡು ಆರ್ಥರ್ ಸ್ಮಾರಕ ದೇವಾಲಯದ ಬಳಿ ನಿಲ್ಲುವುದು ಒಳ್ಳೆಯದು. ಭಾನುವಾರ ಬೆಳಿಗ್ಗೆಯಾದರೆ ಇನ್ನೂ ಒಳ್ಳೆಯದು. ಹೊರಗೆ ಒಬ್ಬ ಐರಿಷ್ ತರುಣನ ಹೆಸರು, ಒಳಗೆ ಕನ್ನಡದ ಹಾಡು. ಮುದುಕ ದಾನಿಯೇಲನ ಹೆಸರಿನ ಕಟ್ಟಡ ಊರಿನಲ್ಲಿ ಎಲ್ಲೂ ಕಾಣಲಿಕ್ಕಿಲ್ಲ. ಅವನನ್ನು ನೆನೆಯಲು ಆ ಹಾಡು ಸಾಕು.